ಮೂರನೆಯ ಕುರ್ಚಿ

ಓಸ್ತ್ರಾವಾದ ಈ ಡಯಾಲಿಸಿಸ್ ವಾರ್ಡಿನಲ್ಲಿ
ಅವನದು ಮೂರನೆಯ ಕುರ್ಚಿ.
ಕಿಟಕಿಯಾಚೆ ಮುಚ್ಚಿದ ಗಣಿಯ ಕಬ್ಬಿಣದ ಗೋಪುರ.
ಇಪ್ಪತ್ತೊಂಬತ್ತು ವರ್ಷ ಅದರ ಪಂಜರದಲ್ಲಿ ಇಳಿದು ಹತ್ತಿದ
ವ್ಲಾಸ್ತಿಮಿಲ್ ಕುಬಾನೆಕ್.
ಈಗ ವಾರಕ್ಕೆ ಮೂರು ಸಲ
ಅವನ ರಕ್ತವಷ್ಟೇ ಇಳಿದು ಹತ್ತುತ್ತದೆ, ನಳಿಗೆಯಲ್ಲಿ.

ಮೈಬಿಟ್ಟ ರಕ್ತ ಸುಮ್ಮನಿರುವುದಿಲ್ಲ,
ಉಗುರುಬೆಚ್ಚನೆಯ ಹಾಲಿನ ಹಾಗೆ
ತನ್ನ ಹೆಪ್ಪು ತಾನೇ ಹುಡುಕುತ್ತದೆ.
ಹೆಪ್ಪಾಗದಿರಲೆಂದು ಹೆಪಾರಿನ್.

"ಎಲ್ಲಿಂದ ಬರುತ್ತೆ ಸಿಸ್ಟರ್, ಇದು?"
ಹಂದಿಯ ಕರುಳಿನಿಂದ, ಎಂದೆ.
ನಕ್ಕ, ಕೆಮ್ಮು ಬರುವಷ್ಟು.
ಜನವರಿಯಲ್ಲಿ ಹಂದಿ ಕೊಯ್ದ ದಿನ
ಅವನ ಹೆಂಡತಿ ಲಿಬುಷೆ ಹಿಮದಂಗಳದಲ್ಲಿ ಕೂತು
ಒಳಗು ಹೊರಗು ಮಾಡಿ ಕರುಳು ತೊಳೆಯುತ್ತಿದ್ದಳಂತೆ
ಏಳು ನೀರಿನಲ್ಲಿ.
ಎಳ್ಳಷ್ಟು ಕೊಳೆ ಉಳಿದರೂ ಸಾಸೇಜು ನಾಯಿಗೆ.
"ಅವರೂ ಏಳು ನೀರಲ್ಲಿ ತೊಳೀತಾರಾ?"
ಯಾರು ಅವರು? ನನಗೂ ಗೊತ್ತಿರಲಿಲ್ಲ.
ತೋಳಿಗೆ ಪಟ್ಟಿ ಕಟ್ಟಿ ಮುಂದಿನ ಕುರ್ಚಿಗೆ ಹೋದೆ.

ಆ ಬುಧವಾರ ಹೊಸ ಪೆಟ್ಟಿಗೆ ಒಡೆದಿದ್ದೆವು.
ಔಷಧ ಒತ್ತಿದ ನಾಲ್ಕನೆಯ ನಿಮಿಷಕ್ಕೆ
ಅಂಗಿಯ ಕತ್ತು ಎಳೆದುಕೊಂಡ.
"ನಾಲಿಗೆ... ದಪ್ಪ..." ಎಂದ.
ಮುಖ ಬೀಟ್‌ರೂಟ್, ತುಟಿ ಬೇರೆ ಯಾರದೋ.
ಒತ್ತಡ ತೊಂಬತ್ತು. ಅರವತ್ತು.
ಆಮೇಲೆ ಯಂತ್ರ ಬರೀ ಅಡ್ಡಗೆರೆ ತೋರಿಸಿತು.
ಅಡ್ರಿನಲಿನ್ ಎಳೆಯುತ್ತಿರುವಾಗಲೇ
ಐದನೆಯ ಕುರ್ಚಿಯ ಹೆಂಗಸು ಎದೆ ಹಿಡಿದು ವಾಂತಿ ಮಾಡಿದಳು.

ಒಬ್ಬರಿಗಾದರೆ ಮೈಗುಣ.
ಇಬ್ಬರಿಗಾದರೆ ಸೀಸೆ.
"ನಿಲ್ಲಿಸಿ ಎಲ್ಲ!" ಕೂಗಿದ್ದು ನಾನೇ.
ಏಳನೆಯ ಕುರ್ಚಿಗೆ ಆಗಲೇ ಕೊಟ್ಟಾಗಿತ್ತು,
ಕೊಟ್ಟಿದ್ದೂ ನಾನೇ.

ಐದು, ಏಳು ಸಂಜೆಗೆ ಎದ್ದು ಕೂತರು.
ಮೂರಕ್ಕೆ ಬಿಳಿ ಬಟ್ಟೆ.

ಕೋಟು ತೊಟ್ಟವರು ಬಂದರು.
ಸೀಸೆಗಳನ್ನು ಒಯ್ದರು, ನಳಿಗೆ ಒಯ್ದರು,
ಕಸದ ಬುಟ್ಟಿಯ ಸಿರಿಂಜು ಕೂಡ.
ಒತ್ತಿದ ಹೆಬ್ಬೆರಳನ್ನು ನನ್ನ ಬಳಿಯೇ ಬಿಟ್ಟರು.
ತಿಂಗಳುಗಳಾದ ಮೇಲೆ ಒಂದು ಕಾಗದ:
ಹಲವು ಕೈ ದಾಟಿ ಬಂದ ಪುಡಿಯಲ್ಲಿ
ಎಲ್ಲೋ ಒಂದು ಕೈ ಅಗ್ಗದ್ದೇನನ್ನೋ ಬೆರೆಸಿದೆ,
ಹೆಪಾರಿನ್‌ನಂತೆಯೇ ತೂಗುವಂಥದ್ದು,
ಪರೀಕ್ಷೆಯಲ್ಲೂ ಅದರಂತೆಯೇ ಪಾಸಾಗುವಂಥದ್ದು.
ಕೈಗೆ ಹೆಸರಿರಲಿಲ್ಲ.

ಲಿಬುಷೆ ಬಂದಿದ್ದು ಅವನ ಚಪ್ಪಲಿ, ಉಣ್ಣೆಯ ಕಾಲುಚೀಲ,
ಚಹಾದ ಲೋಟ ಒಯ್ಯಲು.
ನಾನು ಕಲಿತಿದ್ದ ಮಾತು ಬಾಯಿಗೆ ಬರಲಿಲ್ಲ,
ಅವಳೂ ಏನೂ ಕೇಳಲಿಲ್ಲ.
ತಳದಲ್ಲಿ ಕರೆ ಕಟ್ಟಿದ ಲೋಟವನ್ನು
ನಮ್ಮ ಸಿಂಕಿನಲ್ಲೇ ತೊಳೆಯತೊಡಗಿದಳು.
ಹಿಂದೆ ನಿಂತು ಎಣಿಸುತ್ತಿದ್ದೆ.
ಐದು. ಆರು.
ಏಳಕ್ಕೆ ನಿಲ್ಲಲಿಲ್ಲ.