ಐದು-ಒಂದು

ಬಸ್ಸು ನನ್ನನ್ನು ಕಂಪೊಂಗ್ ಥೋಮ್ ಸೇತುವೆಯ ಬದಿಗೆ ಇಳಿಸಿ
ತಿರುಗಿಯೂ ನೋಡದೆ ಸೀಯೆಮ್ ರೀಪಿಗೆ ಓಡಿತು.
ಎಲ್ಲರೂ ಅಲ್ಲಿಗೇ. ದೊಡ್ಡ ಗುಡಿ, ಸೂರ್ಯೋದಯ,
ಕೊಳದ ಮುಂದೆ ನಸುಕಿನ ನಾಲ್ಕಕ್ಕೇ ಮೊಣಕೈ ತಿವಿತ.
ನನಗೆ ಸಾಲು ಸಾಕಾಗಿದೆ.
ಇಪ್ಪತ್ತಾರು ವರ್ಷ ಗಾಜಿನ ಈಚೆ ಕೂತು
ಸಾಲಿನ ಮುಖವನ್ನೇ ನೋಡಿದವಳು,
ಕ್ಯಾಷಿಯರು.

ಎಳನೀರಿನವಳು ಚಿಲ್ಲರೆ ಕೊಟ್ಟಳು.
ಒದ್ದೆ ಸ್ಪಂಜಿಲ್ಲದೆಯೂ ಹೆಬ್ಬೆರಳು ತಾನಾಗಿ ಎಣಿಸಿತು.
ನೋಟಿನ ಮೂಲೆಯಲ್ಲಿ ಅವರ ಎರಡು.
ಅರೆ, ನಮ್ಮ ಎರಡೇ!
ದೂರದೂರಿಗೆ ಕೊಟ್ಟ ಹುಡುಗಿ
ಅಲ್ಲಿಯವರ ಹಾಗೆ ತುರುಬು ಕಟ್ಟಿದ್ದಾಳೆ, ಅಷ್ಟೆ.

ವಿಚೆತನ ಬೈಕು. ಹಿಂದೆ ನಾನು,
ನಮ್ಮಿಬ್ಬರ ನಡುವೆ ಅವನು ಮನೆಗೆಂದು ಕೊಂಡ
ಒಣಮೀನಿನ ಕಟ್ಟು.
ಮೂವತ್ತು ಕಿಲೋಮೀಟರು ಕೆಂಪು ಧೂಳು, ಗೋಡಂಬಿ ತೋಟ.
ಆಡಲು ಭಾಷೆಯಿಲ್ಲದೆ ಅವನು ಲೆಕ್ಕ ಕಲಿಸಿದ:
ಮುಯ್, ಪೀ, ಬೈ, ಬುಯೊನ್, ಪ್ರಾಂ.
ಆರಕ್ಕೆ?
ಹ್ಯಾಂಡಲು ಬಿಟ್ಟು ಐದು ಬೆರಳೂ ಬಿಚ್ಚಿದ,
ಆಮೇಲೆ ಒಂದೇ ಒಂದು:
ಪ್ರಾಂ-ಮುಯ್. ಐದು-ಒಂದು.
ಒಂದು ಕೈ ತುಂಬಿದ ಮೇಲೆ ಮತ್ತೆ ಮೊದಲಿಂದ.
ನಾನು ನಕ್ಕದ್ದು ಗಾಳಿಗೆ ಹೋಯಿತು.
ಐವತ್ತೈದಕ್ಕೆ ಕೆಲಸ ಬಿಟ್ಟು ಬಂದವಳೆಂದು
ಅವನಿಗೆ ಯಾವ ಬೆರಳಿನಲ್ಲಿ ಹೇಳಲಿ.

ಸಂಬೋರ್ ಪ್ರೈ ಕುಕ್. ಕಾಡಿನೊಳಗೆ ಇಟ್ಟಿಗೆಯ ಗೋಪುರಗಳು,
ಎಂಟು ಮೂಲೆಯವು, ಒಂದರ ಮೈಮೇಲೆ ಬೇರು ಇಳಿಬಿಟ್ಟ ಮರ.
ಬೇರು ಕಡಿದರೆ ಗೋಡೆ ಬೀಳುತ್ತದೆ,
ಗೋಡೆ ತೆಗೆದರೆ ಮರ.
ಸಾಲ ಯಾರದು, ಜಾಮೀನು ಯಾರದು, ಕೇಳಬೇಡಿ.
ಇದು ಜಂಟಿ ಖಾತೆ. ಒಬ್ಬರ ರುಜು ಸಾಲದು.

ಪಕ್ಕದಲ್ಲೇ ದುಂಡನೆ ಹೊಂಡಗಳು.
ಕಲ್ಯಾಣಿ ಇರಬೇಕೆಂದು ಮೆಟ್ಟಿಲು ಹುಡುಕಿದೆ.
ವಿಚೆತ್ ಆಕಾಶ ತೋರಿಸಿ
ಬಾಯಲ್ಲಿ ಒಂದು ಶಬ್ದ ಮಾಡಿದ,
ಮೊದಲು ಸಿಳ್ಳೆ, ಆಮೇಲೆ ಕೆನ್ನೆ ಉಬ್ಬಿಸಿ.
ಅವನು ಹುಟ್ಟುವ ಮುಂಚಿನದು ಅದು.
ಶಬ್ದ ಮಾತ್ರ ಅಪ್ಪನಿಂದ ಬಂದ ಪಾಲು.
ನೀರಿನಲ್ಲಿ ಕಿವಿ ಆಡಿಸುತ್ತ ಒಂದು ಎಮ್ಮೆ.

ಗರ್ಭಗುಡಿಗೆ ಮಾಡಿಲ್ಲ. ಬಾವಲಿಯ ಘಾಟು.
ಪೀಠವಿದೆ, ನೀರು ಹರಿಯುವ ಮೂತಿಯಿದೆ,
ನಡುವಿನ ಕುಳಿಯಲ್ಲಿ ಲಿಂಗವಿಲ್ಲ,
ಮೊನ್ನೆಯ ಮಳೆನೀರು, ಒಂದು ಎಲೆ.
ಕಸ ಗುಡಿಸುತ್ತಿದ್ದ ಯೆಯ್ ಪೊವ್ ಪೊರಕೆ ಒರಗಿಸಿ
ಕುಳಿಯ ಅಂಚಿಗೆ ಬಾಳೆಹಣ್ಣಿಟ್ಟಳು,
ಒಂದು ಸಿಗರೇಟು ಹಚ್ಚಿ ಪಕ್ಕಕ್ಕಿಟ್ಟಳು.
ಯಾರಿಗೆ? ಎಂದು ಕೈ ತಿರುಗಿಸಿದೆ.
'ತಾ,' ಅಂದಳು.
ವಿಚೆತ್ ಬೆನ್ನು ಬಾಗಿಸಿ, ಇಲ್ಲದ ಗಡ್ಡ ಸವರಿ
ಕೋಲೂರಿ ನಾಲ್ಕು ಹೆಜ್ಜೆ ನಡೆದು ತೋರಿಸಿದ.

ಅಯ್ಯೋ, ಅಜ್ಜ!
ನಮ್ಮಲ್ಲಿ ಅದನ್ನೇ ಎರಡು ಸಲ ಅನ್ನುತ್ತೇವೆ, ಯೆಯ್: ತಾತ.
'ತಾ-ತ,' ಅಂದಳು ಆಕೆಯೂ. ನನ್ನದು ತೊದಲೆಂದು ತಿಳಿದು
ಎಲೆಯಡಿಕೆಯ ಕೆಂಪು ಹಲ್ಲು ಪೂರಾ ಬಿಟ್ಟು ನಕ್ಕಳು.
ಅಷ್ಟು ಹೊತ್ತೂ ಸಿಗರೇಟು
ಯಾರೋ ಎಳೆಯುತ್ತಿರುವ ಹಾಗೆ ಉರಿದು ಚಿಕ್ಕದಾಗುತ್ತಿತ್ತು.

ಹೊರಗೆ ಕೊಲಾಪ್ ಎಂಬ ಹುಡುಗಿ,
ಹೆಗಲ ತುಂಬ ಚೌಕಳಿ ವಸ್ತ್ರ.
ಬೆಲೆ? ಪ್ರಾಂ-ಮುಯ್ ಸಾವಿರ.
ನಾನು ಪ್ರಾಂ ಅಂದೆ. ಅವಳು ಮುಯ್ ಬಿಡಲಿಲ್ಲ.
ಬಿಸಿಲಿನಲ್ಲಿ ನಿಂತು
ಆ ಒಂದಕ್ಕಾಗಿ ಇಬ್ಬರೂ ಸುಖವಾಗಿ ಜಗಳವಾಡಿದೆವು.

ರಾತ್ರಿ ಲಾಡ್ಜಿನ ಮಂಚದ ಮೇಲೆ ನೋಟು ಹರಡಿ
ದಿನದ ಲೆಕ್ಕ ಹಾಕಿದೆ. ಬಸ್ಸು, ಎಳನೀರು, ಬೈಕು, ಬಟ್ಟೆ.
ಒಂದು ಸಾವಿರ ಕಡಿಮೆ ಬಂತು.
ಮತ್ತೆ ಎಣಿಸಿದೆ. ಕಡಿಮೆಯೇ.
ಕೌಂಟರಿನಲ್ಲಾಗಿದ್ದರೆ ಬೀಗ ಹಾಕಲು ಬಿಡದೆ,
ಊಟ ಬಿಟ್ಟು, ಸಿಗುವ ತನಕ ಹುಡುಕುತ್ತಿದ್ದೆ.

ದೀಪ ಆರಿಸಿದೆ.
ಫ್ಯಾನಿನ ಗಾಳಿಗೆ
ಚೀಲದಿಂದ ಒಣಮೀನಿನ ವಾಸನೆ ಬರುತ್ತಲೇ ಇತ್ತು.