ಛಾವಣಿಯಲ್ಲಿ ಇಲ್ಲದ ಓ

ವೂಜ್ ನಗರದಲ್ಲಿ, ಟ್ರಾಮಿನ ಕೊನೆಯ ನಿಲ್ದಾಣದಾಚೆ,
ಗಿರಣಿಯ ಛಾವಣಿ ಮೇಲೆ ಹನ್ನೊಂದು ಅಕ್ಷರ,
ಆಳೆತ್ತರ, ಸತುವಿನ ತಗಡು.
ಪ್ಶೆಂಜಾಲ್ನ್ಯಾ. ಅಂದರೆ ನೂಲುವ ಮನೆ, ಅಷ್ಟೇ;
ಹೆಸರಲ್ಲ, ಕಸುಬು.

ನೂಲುವುದು ನಿಂತು ಇಪ್ಪತ್ತೆಂಟು ವರ್ಷ.
ಪಿ-ಯ ಹೊಟ್ಟೆಯಲ್ಲಿ ಪಾರಿವಾಳಗಳ ಸಂಸಾರ.
ಬೋಲ್ಟುಗಳ ತುಕ್ಕು ಇಟ್ಟಿಗೆ ಮೇಲೆ ಇಳಿದಿದೆ
ಯಾರೋ ಎಲೆಅಡಿಕೆ ಉಗಿದ ಹಾಗೆ.

ಯಾಗ್ನಾ ಏಣಿ ಹತ್ತಿ ಟೇಪು ಹಿಡಿದು ಅಳೆದಳು.
ಎಲ್ಲ ಗೆರೆ ಒಂದೇ ದಪ್ಪ, ಎಲ್ಲ ತಿರುವೂ ಒಂದೇ ತಿರುವು:
ಕಾಲು ವೃತ್ತ, ಮತ್ತೆ ಕಾಲು ವೃತ್ತ,
ಉಳಿದದ್ದು ಕವಾಯತಿಗೆ ನಿಂತಂತೆ ನೆಟ್ಟಗೆ.
ಇದರಿಂದ ಇಡೀ ಅಕ್ಷರಮಾಲೆ ಎಬ್ಬಿಸಬೇಕು ಅವಳು,
ಪೋಸ್ಟರಿಗೆ, ಬಿಯರ್ ಬಾಟಲಿಗೆ, ಮಾರಾಟಕ್ಕೆ.
ಎರಡು ಜೆಡ್, ಎರಡು ಎ; ಎಣಿಸಿದರೆ ಒಂಬತ್ತೇ ಬಗೆ.
ಓ ಇಲ್ಲ.
ಓ ಇಲ್ಲದೆ ಸಿ ಇಲ್ಲ, ಜಿ ಇಲ್ಲ.
ತೆರೆಯ ಮೇಲೆ ಹದಿನಾರು ಓ ಬರೆದಳು,
ಹದಿನಾರೂ ಸುಳ್ಳು ಹೇಳಿದವು.

ತಗಡು ಕತ್ತರಿಸಿದ ಫಿಟ್ಟರ್ ಇನ್ನೂ ಇದ್ದಾನೆ,
ಜ್ಯೆಮೋವಿತ್, ಎಂಬತ್ತೊಂಬತ್ತು.
ಬೀಟ್‌ರೂಟ್ ಸಾರು ಬಡಿಸಿ, ಕಿವಿಯ ಯಂತ್ರ ಸರಿಮಾಡಿಕೊಂಡು ಅಂದ:
"ಶೈಲಿಯೇ? ಎಂಥ ಶೈಲಿ ಮಗಳೇ,
ಕೈವಾರ ಇರಲಿಲ್ಲ. ಡಾಂಬರು ಪೀಪಾಯಿಯ ಮುಚ್ಚಳ ಇತ್ತು.
ಅದನ್ನಿಟ್ಟು ಸುತ್ತ ಗೀರಿದೆ, ನಾಲ್ಕು ತುಂಡು ಮಾಡಿದೆ,
ಡೊಂಕು ಬೇಕಾದಲ್ಲೆಲ್ಲ ಅದೇ ಕಾಲುಭಾಗ.
ಮೇಲಿನವರು ಆಧುನಿಕ ಅಂದರು.
ಬೋನಸ್ ಕೊಡಲಿಲ್ಲ."

"ಹಾಗಾದರೆ ಓ?"

ಚಮಚ ಬಟ್ಟಲಲ್ಲೇ ನಿಂತಿತು.
ಎದ್ದು ಕೋಟು ಹಾಕಿಕೊಂಡ. ಟ್ರಾಮಿನಲ್ಲಿ ಮೂರು ನಿಲ್ದಾಣ.
ಸ್ಮಶಾನದ ಹುಲ್ಲು ಒದ್ದೆ.
ಸಿಮೆಂಟಿನ ಚಪ್ಪಡಿ ಮೇಲೆ ಅದೇ ತಗಡು, ಗೇಣೆತ್ತರ:
ಒತೀಲ್ಯಾ. ೧೯೩೯. ೧೯೭೪.

ನಾಲ್ಕನೇ ಸಾಲಿನ ನೂಲು ಯಂತ್ರದವಳು.
ಕಲ್ಲು ಕೆತ್ತುವವನಿಗೆ ಕೊಡಲು ದುಡ್ಡಿರಲಿಲ್ಲ.
ಟಿ-ಗೆ ಛಾವಣಿಯ ಉಳಿಕೆ ಸಾಕಾಯಿತು,
ವೈ-ಗೆ ಸಾಲದೆ ಒಂದು ತೋಳು ಬೆರಳಷ್ಟು ಗಿಡ್ಡ.
"ಓ-ಗೆ ಅವಳ ಬುತ್ತಿ ಡಬ್ಬಿಯ ಮುಚ್ಚಳ.
ನಾಲ್ಕು ತುಂಡು ಮಾಡಹೋದೆ, ಕೈಯ ರೂಢಿ ನೋಡು.
ಆಮೇಲೆ ಕತ್ತರಿ ಕೆಳಗಿಟ್ಟೆ.
ನಡುವೆ ಒಂದು ತೂತು ಕೊರೆದೆ, ಅಷ್ಟೇ."

ಯಾಗ್ನಾ ಕಾಗದ ಹಾಸಿ, ಪೆನ್ಸಿಲ್ ಉಜ್ಜಿ, ಓ ಎತ್ತಿಕೊಂಡಳು.
ಪೂರ್ತಿ ವೃತ್ತವಲ್ಲ ಅದು, ಒಂದೆಡೆ ತುಸು ನಗ್ಗಿದೆ,
ಯಾವತ್ತೋ ಊಟದ ಹೊತ್ತಿಗೆ
ಕೈಜಾರಿ ಬಿದ್ದು.
ಟಿ ಸಿಕ್ಕಿತು, ವೈ ಸಿಕ್ಕಿತು, ಐದು ಅಂಕಿಗಳೂ.

ವಾಪಸ್ಸು ಬರುವಾಗ ಕೇಳಿದಳು: ಎಕ್ಸ್? ಕ್ಯೂ?
"ನಮ್ಮ ಭಾಷೆಗೆ ಅವು ಬೇಕಿಲ್ಲವಲ್ಲ," ಮುದುಕ ಕಿಟಕಿಯಾಚೆ ನೋಡುತ್ತ,
"ಬೇಕಾದವರ ಮನೆಯಲ್ಲಿ ಮುಚ್ಚಳ ಹುಡುಕು."

ವೈ-ಯ ತೋಳನ್ನು ಅವಳು ಸರಿಮಾಡಿದಳು,
ಇಲ್ಲದಿದ್ದರೆ ಗಿರಾಕಿಗಳು ದೂರುತ್ತಾರೆ.
ನಗ್ಗು ಹಾಗೇ ಇದೆ.
ಬಾಟಲಿಯ ಚೀಟಿಯಲ್ಲಿ ತಿಳಿಯುವುದಿಲ್ಲ,
ಆಳೆತ್ತರಕ್ಕೆ ಅಚ್ಚು ಹಾಕಿದರೆ ಮಾತ್ರ ಕಾಣುತ್ತದೆ.