ಒಂದನೇ ನಂಬರಿನ ಅಂಗಿ

ಕಣ ಖಾಲಿಯಾಗುವುದು ಫೆಬ್ರವರಿ ಕೊನೆಗೆ.
ಕಡೆಯ ಮೂಟೆ ಲಾರಿ ಹತ್ತಿದ ಸಂಜೆಯೇ
ಸಿರಿಲ್ ಮೊಂತೇರೊ ಸಿಲ್ವರ್ ಓಕಿನ ಗಳ ಹೊತ್ತು ತರುತ್ತಿದ್ದ,
ಡಬ್ಬಿಗೆ ಕಲ್ಲು ತುಂಬಿ ನಿಲ್ಲಿಸುತ್ತಿದ್ದ.
ಅಲ್ಲಿಂದ ನಮ್ಮ ಸೀಸನ್ನು.
ಹೂಮಳೆ ಬೀಳುವ ತನಕ, ಅಷ್ಟೇ.

ಮೊದಲ ವರ್ಷ ಟೀಮಿಗೆ ಬಟ್ಟೆ ಬೇಕೆಂದು
ಇದಿನಬ್ಬ ಮೂಡಿಗೆರೆಯಿಂದ ಹಾಸನದ ಸಂತೆಗೆ ಹೋದ.
ಹಡಗಿನಲ್ಲಿ ಬಂದ ಹಳೆ ಬಟ್ಟೆ, ತೂಕದ ಲೆಕ್ಕ.
ಹನ್ನೊಂದು ಕೇಳಿದವನಿಗೆ ಹದಿಮೂರು ಸಿಕ್ಕಿತು,
ಅದರಲ್ಲಿ ಎರಡು ಹೆಂಗಸರ ಸ್ವೆಟರು.
ಹತ್ತು ಅಂಗಿ, ನೇರಳೆಹಣ್ಣು ತಿಂದ ನಾಲಿಗೆಯ ಬಣ್ಣ.
ಒಂದು ಮಾತ್ರ ಕಿತ್ತಳೆ, ನನಗೆ.
ಬೆನ್ನ ಮೇಲೆ ಒಂದು ಎಂಬ ಅಂಕಿ,
ಕೆಳಗೆ ಐದು ಅಕ್ಷರ.

ದ್ಯಾವೇಶ ಒಂದನ್ನು ಏಣಿ ಅಂದ, ಪಕ್ಕದ್ದನ್ನು ಮುರಿದ ಕೊಡೆ.
ತಮಿಳಂತೂ ಅಲ್ಲ ಅಂದ ಸೆಲ್ವರಾಜು, ಜವಾಬ್ದಾರಿಯಿಂದ.
ಜಪಾನಿನದು ಅಂತ ಮೇಷ್ಟ್ರು ಹೇಳಿದರು, ಓದಲಿಲ್ಲ.
ಆಟಗಾರನ ಹೆಸರಿರಬೇಕು, ಏನಿದ್ದೀತು?
ಏಣಿಕೊಡೆ ಅಂತಲೇ ಇಟ್ಟರು.
ಮೂಡಿಗೆರೆ ಬಸ್‌ ಸ್ಟ್ಯಾಂಡಿನಲ್ಲಿ ಈಗಲೂ
ಯಾರಾದರೂ ಹಾಗೆ ಕೂಗಿದರೆ ತಿರುಗುವವನು ನಾನೇ.

ಸಿಮೆಂಟಿನ ಕಣದಲ್ಲಿ ಗೋಲು ಕಾಯುವುದೆಂದರೆ
ಬಿದ್ದಷ್ಟೂ ಚರ್ಮ ಬಾಡಿಗೆ ಕಟ್ಟುವುದು.
ಎಡ ಮೊಣಕೈ ಬಟ್ಟೆ ನನ್ನಿಂದ ಹರಿಯಲಿಲ್ಲ.
ಒಳಗಿನಿಂದ ಆಗಲೇ ಹೊಲಿದಿತ್ತು,
ಇರುವೆ ಸಾಲಿನಂಥ ಹೊಲಿಗೆ, ಬೇರೆ ಬಣ್ಣದ ದಾರ.
ನನಗಿಂತ ಮೊದಲು ಯಾರೋ
ಅದೇ ಕಡೆಗೆ ಬಿದ್ದಿದ್ದ.

ಆ ಟೀಮಿನವರು ಈಗ?
ಸಿರಿಲ್‌ನ ಮಂಡಿ ಹೋಯಿತು, ಮೆಟ್ಟಿಲು ಕಂಡರೆ ಬೈಯುತ್ತಾನೆ.
ಇದಿನಬ್ಬ ಸ್ಕೂಟರಿನಲ್ಲಿ ಮೀನು ಮಾರುತ್ತಾನೆ,
ತಿರುವಿನಲ್ಲಿ ಹಾರ್ನು ಕೇಳಿದರೆ ಬೆಕ್ಕುಗಳು ಎದ್ದು ನಿಲ್ಲುತ್ತವೆ.
ಸೆಲ್ವರಾಜು ಧರ್ಮಪುರಿಗೆ ಹೋದವನು, ಸುದ್ದಿಯಿಲ್ಲ.
ದ್ಯಾವೇಶ ಮೆಣಸು ಕೊಯ್ಯುವಾಗ
ಅಲ್ಯೂಮಿನಿಯಂ ಏಣಿ ಕರೆಂಟಿನ ತಂತಿಗೆ ತಾಗಿ.
ಉಳಿದವರ ಹೆಸರು ಹೇಳಬಲ್ಲೆ,
ಮುಖ ಹೇಳು ಅಂದರೆ ನೇರಳೆ ಬಣ್ಣವೊಂದೇ ಓಡುತ್ತದೆ.

ನಾನು ಚಿಕ್ಕಮಗಳೂರಿನ ಕ್ಯೂರಿಂಗ್ ವರ್ಕ್ಸಿನಲ್ಲಿ
ತಕ್ಕಡಿ ಮುಂದೆ ಇಪ್ಪತ್ತೆರಡು ವರ್ಷ.
ಹೋದ ಜನವರಿ ಕಾಫಿ ರುಚಿ ನೋಡಲು
ಜಪಾನಿನಿಂದ ಒಬ್ಬಾಕೆ ಬಂದಳು.
ಚಮಚದಲ್ಲಿ ಸುರ್ರೆಂದು ಎಳೆದು ಡಬ್ಬಿಗೆ ಉಗಿದು
ಏನೋ ಬರೆದುಕೊಳ್ಳುತ್ತಿದ್ದಳು.
ಮಾರನೆಯ ದಿನ ಅಂಗಿ ಒಯ್ದೆ,
ಬಟ್ಟೆಯಂಗಡಿಯ ಕವರಿನಲ್ಲಿ, ಮಡಿಚಿ.

ಬೆನ್ನು ಓದಿದಳು. ನಕ್ಕಳು.
ಮ್ಯಾನೇಜರು ಕನ್ನಡದಲ್ಲಿ ಹೇಳಿದರು:
ಹೆಸರಲ್ಲವಂತೆ ಕಣಯ್ಯ,
ನೆಲದ ಟೈಲು ಕೂರಿಸುವ ಅಂಟಿನ ಜಾಹೀರಾತು.

ಇಷ್ಟು ವರ್ಷ ನಾನು ಓಗೊಟ್ಟದ್ದು ಅಂಟಿಗೆ.

ಆಮೇಲೆ ಕಾಲರ್ ತಿರುಗಿಸಿ ಕನ್ನಡಕ ಏರಿಸಿದಳು.
ಚೀಟಿಯ ಮೇಲೆ, ನಾನು ಕೊಳೆ ಅಂದುಕೊಂಡಿದ್ದಲ್ಲಿ,
ಅಗಸರ ಶಾಯಿಯ ಎರಡಕ್ಷರ. ನಿಶಿಗಾಕಿ.
ಫೋನಿನಲ್ಲಿ ತುಂಬ ಹೊತ್ತು ಹುಡುಕಿದಳು.
ಅದು ಆ ಕ್ಲಬ್ಬಿನ ಮೊದಲನೇ ಸೀಸನ್ನಂತೆ,
ಪಟ್ಟಿಯಲ್ಲಿ ಕಟ್ಟಕಡೆಗೆ ನಿಂತಿತಂತೆ.
ಬಿಟ್ಟುಹೋದವರ ಸಾಲಿನಲ್ಲಿ ಅವನೂ ಇದ್ದ,
ಮೂರನೇ ಗೋಲ್‌ಕೀಪರ್.
ಆಡಿದ ಪಂದ್ಯ: ಸೊನ್ನೆ.
ಆಮೇಲೆ ಎಲ್ಲಿ, ಏನು, ಬರೆದಿಲ್ಲ.

ನಾನು ಮೊಣಕೈ ಹೊಲಿಗೆ ತೋರಿಸಿದೆ.
ಆಕೆ ಬೆರಳಿಟ್ಟು ಅದರ ಮೇಲೆ ಒಮ್ಮೆ ನಡೆದಳು,
ಅಭ್ಯಾಸದಲ್ಲಿ ಬಿದ್ದಿರಬೇಕು, ಅಂದಳು.

ಹಾಗಿದ್ದರೆ ಈ ಅಂಗಿ
ಮೊಟ್ಟಮೊದಲು ಆಟಕ್ಕೆ ಇಳಿದದ್ದು
ಕಾಫಿ ಹೊಟ್ಟಿನ ವಾಸನೆ ಬಿಡದ ನಮ್ಮ ಕಣದಲ್ಲಿ,
ಬಾಳೂರಿನವರ ಎದುರು.
ಪೆನಾಲ್ಟಿ ಇತ್ತು. ಅವರ ಪೈಕಿ ದಪ್ಪ ಕಾಲಿನವನು ಒದ್ದ.
ಎಡಕ್ಕೆ ಬಿದ್ದೆ, ಚೆಂಡು ಆ ಹೊಲಿಗೆಗೇ ತಗುಲಿ
ಮೆಣಸಿನ ಬಳ್ಳಿಯೊಳಗೆ ಹೋಯಿತು.

ಅವರು ಎಲ್ಲಾದರೂ ಸಿಕ್ಕರೆ
ಇಷ್ಟು ಹೇಳಿಬಿಡಿ ಅಂದೆ.
ಬರೆದುಕೊಂಡಳು, ರುಚಿ ಬರೆದ ಪುಸ್ತಕದಲ್ಲೇ.
ಪಂದ್ಯ ಏನಾಯಿತು ಎಂದು ಕೇಳಿದಳು.

ಹೊರಗೆ ಲಾರಿ ಬಂದು ನಿಂತಿತ್ತು.
ಆರು ಗೋಲಿನ ಪಂದ್ಯ ಅಂದೆ,
ಯಾವ ಕಡೆಗೆ ಅಂತ ಹೇಳದೆ
ತಕ್ಕಡಿಗೆ ಹೋದೆ.